ಹಿತ್ತಿಲ ಮೆಣಸುಬಳ್ಳಿಯ ರಕ್ಷಣೆ

ಹುದಿಕೇರಿಯ ಮಳೆಗಾಲದಲ್ಲಿ ಹಿತ್ತಿಲ ಕರಿಮೆಣಸಿಗೆ ಪರಮಶತ್ರುವೆಂದರೆ ಶೀಘ್ರ ಸೊರಗುರೋಗ. ಜಲಪ್ರಿಯವಾದ ಇದರ ಸೂಕ್ಷ್ಮಜೀವಿಯು ಬುಡದಲ್ಲಿ ನಿಂತ ನೀರಿನ ಮೂಲಕ ಬೇರನ್ನೂ, ಸಿಡಿದ ಮಣ್ಣಿನ ಮೂಲಕ ಎಲೆಯನ್ನೂ ಹೊಗುವುದು. ಬುಡ ಕೊಳೆತ ಬಳ್ಳಿಯನ್ನು ಉಳಿಸುವುದು ದುಸ್ಸಾಧ್ಯವಾದುದರಿಂದ ಗೃಹಸ್ಥರು ಮುಂಗಾರಿಗೆ ಮೊದಲೇ ಎಚ್ಚರಗೊಳ್ಳಬೇಕು.

ಬಸಿಗಾಲುವೆ ತೆಗೆದು, ನೆಲಕ್ಕೆ ತಾಗುವ ಕುಡಿಗಳನ್ನು ಕತ್ತರಿಸಿ, ಬೋರ್ಡೋ ದ್ರಾವಣವನ್ನು ಸಿಂಪಡಿಸತಕ್ಕದ್ದು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗಕ್ಕೂ ಇದನ್ನೇ ವಿಧಿಸಿದ್ದರು. 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ ಕರಗಿಸಿ, 100 ಗ್ರಾಂ ಸುಟ್ಟ ಸುಣ್ಣವನ್ನು ಬೇರೆ 5 ಲೀಟರ್ ನೀರಿನಲ್ಲಿ ಅರಳಿಸಿ ಸೋಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಕಲಕುತ್ತ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಅದ್ದಿ ತೆಗೆದ ಕತ್ತಿಯ ಅಲಗು ಕೆಂಪಡರಿದರೆ ಸುಣ್ಣ ಸಾಲದೆಂದರ್ಥ. ಕಲಸಿದ್ದನ್ನು ಅಂದೇ ಬಳಸಬೇಕು.

ಸತ್ತ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಡುವುದೇ ನೆರೆಯ ಬಳ್ಳಿಗೆ ರಕ್ಷೆ.