ಕಾಡನ್ನು ಮರಳಿ ಕರೆತಂದ ದೇಶ

ಕೋಸ್ಟರಿಕಾದ ವಾಯವ್ಯ ಮೂಲೆಯಲ್ಲಿ ಗ್ವಾನಕಾಸ್ಟೆ ಎಂಬ ಪ್ರಾಂತ್ಯವಿದೆ. ಅಲ್ಲಿನ ಒಣ ಕಾಡಿನಲ್ಲಿ ಕನ್ನಡಿಗರಿಗೆ ಪರಿಚಿತ ಮರಗಳು ಎದುರಾಗುತ್ತವೆ. ಬೆಂಗಳೂರಿನ ಹಳೆಯ ರಸ್ತೆಗಳಿಗೆ ಕೊಡೆ ಹಿಡಿದು ನಿಂತಿರುವ ಮಳೆಮರದ ತವರು ಈ ಸೀಮೆ. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆಂದು ಬದುವಿನಲ್ಲಿ ಬೆಳೆಸುವ ಗ್ಲಿರಿಸಿಡಿಯಾ ಇಲ್ಲಿ ತಾನಾಗಿ ಬೆಳೆಯುವ ಕಾಡುಮರ. ಇಂದು ದಟ್ಟವಾಗಿ ಕಾಣುವ ಈ ಕಾಡಿನ ಎಷ್ಟೋ ಭಾಗ ಐವತ್ತು ವರ್ಷಗಳ ಹಿಂದೆ ದನ ಮೇಯುವ ಹುಲ್ಲುಗಾವಲಾಗಿತ್ತು.

ಕೋಸ್ಟರಿಕಾ ಚಿಕ್ಕ ದೇಶ. ವಿಸ್ತೀರ್ಣ ಸುಮಾರು 51,100 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಒಂದು ಬದಿ ಪೆಸಿಫಿಕ್ ಸಾಗರ, ಇನ್ನೊಂದು ಬದಿ ಕೆರಿಬಿಯನ್ ಸಮುದ್ರ, ನಡುವೆ ಜ್ವಾಲಾಮುಖಿಗಳ ಸಾಲು. ಉತ್ತರ ಮತ್ತು ದಕ್ಷಿಣ ಅಮೆರಿಕಗಳ ಜೀವಿಗಳು ಸಂಧಿಸುವ ನೆಲಸೇತುವೆಯಲ್ಲಿ ಇರುವುದರಿಂದ ಇಲ್ಲಿನ ಜೀವವೈವಿಧ್ಯ ಅಪಾರ. ಪ್ರವಾಸಿಗರನ್ನು ಸೆಳೆಯುವುದು ಇದೇ. ಆದರೆ ಈ ವೈವಿಧ್ಯ ಉಳಿದದ್ದು ಆಕಸ್ಮಿಕವಲ್ಲ. ಇಲ್ಲಿನ ಒಂದೊಂದು ತಾಣದ ಹಿಂದೆಯೂ ‘ಇದನ್ನು ಕಡಿಯಬಾರದು’ ಎಂದು ನಿರ್ಧರಿಸಿದ ಮನುಷ್ಯರಿದ್ದಾರೆ. ಅವರ ಕಥೆ ಗೊತ್ತಿದ್ದು ನೋಡಿದರೆ ನೋಟವೇ ಬೇರೆಯಾಗುತ್ತದೆ.

ಕೊಡಲಿ ನಿಂತ ಬಗೆ

1940ರ ದಶಕದಲ್ಲಿ ದೇಶದ ಸುಮಾರು ಮುಕ್ಕಾಲು ಭಾಗ ಕಾಡಿತ್ತು. ಕಾಫಿ, ಬಾಳೆ ತೋಟಗಳಿಗಾಗಿ, ಆಮೇಲೆ ಗೋಮಾಂಸ ರಫ್ತಿನ ದನದ ದೊಡ್ಡಿಗಳಿಗಾಗಿ ಕಾಡು ಕರಗಿತು. ಮರ ಕಡಿದು ಬಯಲು ಮಾಡಿದವನೇ ಭೂಮಿಯನ್ನು ‘ಅಭಿವೃದ್ಧಿ’ಪಡಿಸಿದವನು ಎಂಬ ಎಣಿಕೆ ಆಗಿನದು. 1980ರ ದಶಕದ ಹೊತ್ತಿಗೆ ಕಾಡು ದೇಶದ ಕಾಲು ಭಾಗದ ಆಸುಪಾಸಿಗೆ ಇಳಿದಿತ್ತು.

ಇದನ್ನು ತಡೆಯುವ ಪ್ರಯತ್ನ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಸ್ವೀಡನ್ನಿನ ಓಲೋಫ್ ವೆಸ್‌ಬರ್ಗ್ ಮತ್ತು ಡೆನ್ಮಾರ್ಕಿನ ಕರೆನ್ ಮೊಗೆನ್ಸೆನ್ ದಂಪತಿ ನಿಕೋಯ ಪರ್ಯಾಯದ್ವೀಪದ ತುದಿಯಲ್ಲಿ ಹಣ್ಣಿನ ತೋಟ ಮಾಡಿಕೊಂಡಿದ್ದರು. ಪಕ್ಕದ ಕಾಡು ಕಣ್ಣೆದುರೇ ಮಾಯವಾಗುವುದನ್ನು ಸಹಿಸದೆ ದೇಶವಿದೇಶಗಳಿಂದ ಹಣ ಕೂಡಿಸಿದರು, ಸರ್ಕಾರದ ಬೆನ್ನು ಹತ್ತಿದರು. 1963ರಲ್ಲಿ ಕಾಬೊ ಬ್ಲಾಂಕೊ ಮೀಸಲು ಅರಣ್ಯ ಘೋಷಣೆಯಾಯಿತು. 1970ರ ದಶಕದಲ್ಲಿ ಮಾರಿಯೊ ಬೋಸಾ ಮತ್ತು ಆಲ್ವರೊ ಉಗಾಲ್ಡೆ ಎಂಬ ಇಬ್ಬರು ತರುಣರು ರಾಷ್ಟ್ರೀಯ ಉದ್ಯಾನಗಳ ವ್ಯವಸ್ಥೆ ಕಟ್ಟಿದರು. ಇಂದು ದೇಶದ ಸುಮಾರು ಕಾಲು ಭಾಗ ನೆಲ ಒಂದಲ್ಲ ಒಂದು ಬಗೆಯ ರಕ್ಷಣೆಯಲ್ಲಿದೆ.

ದೊಡ್ಡ ತಿರುವು ಬಂದದ್ದು 1996ರ ಅರಣ್ಯ ಕಾಯ್ದೆಯಿಂದ. ಕಾಡನ್ನು ಬೇರೆ ಬಳಕೆಗೆ ಪರಿವರ್ತಿಸುವುದನ್ನು ಅದು ನಿಷೇಧಿಸಿತು. ಜೊತೆಗೆ, ತನ್ನ ಜಮೀನಿನಲ್ಲಿ ಕಾಡು ಉಳಿಸಿಕೊಂಡ ರೈತನಿಗೆ ಹಣ ಕೊಡುವ ಏರ್ಪಾಡು ಮಾಡಿತು. ಇಂಗಾಲ ಹಿಡಿದಿಡುವುದು, ನೀರು ಕಾಯುವುದು, ಜೀವವೈವಿಧ್ಯ ಮತ್ತು ಚೆಲುವು ಉಳಿಸುವುದು ಈ ನಾಲ್ಕೂ ಕಾಡು ಮಾಡುವ ಸೇವೆ, ಅದಕ್ಕೆ ಬೆಲೆ ಸಲ್ಲಬೇಕು ಎಂಬುದು ಕಾಯ್ದೆಯ ತಿರುಳು. ಹಣದ ಮುಖ್ಯ ಮೂಲ ಇಂಧನದ ಮೇಲಿನ ತೆರಿಗೆ. ದೇಶದ ವಿದ್ಯುತ್ತಿನ ಬಹುಪಾಲು ಜಲಮೂಲದ್ದಾದ್ದರಿಂದ ಕಾಡು ಕಾಯುವುದೆಂದರೆ ಊರಿನ ದೀಪ ಕಾಯುವುದೂ ಹೌದು. ಗೋಮಾಂಸದ ಬೆಲೆ ಕುಸಿದದ್ದೂ ನೆರವಾಯಿತು. ಈಗ ಮತ್ತೆ ಅರ್ಧಕ್ಕಿಂತ ಹೆಚ್ಚು ನೆಲದಲ್ಲಿ ಕಾಡಿದೆ.

ಕಿತ್ತಳೆ ಸಿಪ್ಪೆಯ ಕಾಡು

ಈ ಮರುಹುಟ್ಟನ್ನು ಕಣ್ಣಾರೆ ಕಾಣಬೇಕಾದರೆ ಗ್ವಾನಕಾಸ್ಟೆಗೇ ಹೋಗಬೇಕು. ಮೇವಿಗೆಂದು ಆಫ್ರಿಕಾದಿಂದ ತಂದ ಹುಲ್ಲು ಇಲ್ಲೆಲ್ಲ ಹಬ್ಬಿ, ಪ್ರತಿ ಬೇಸಿಗೆಯಲ್ಲೂ ಕಾಡ್ಗಿಚ್ಚಿಗೆ ಉರುವಲಾಗುತ್ತಿತ್ತು. ಪರಿಸರ ವಿಜ್ಞಾನಿ ಡೇನಿಯಲ್ ಜಾನ್ಜೆನ್ ಮತ್ತು ವಿನಿ ಹಾಲ್ವಾಕ್ಸ್ 1980ರ ದಶಕದಲ್ಲಿ ಹಿಡಿದ ದಾರಿ ಸರಳ: ಬೆಂಕಿ ನಿಲ್ಲಿಸಿದರೆ ಗಾಳಿ, ಹಕ್ಕಿ, ಬಾವಲಿಗಳೇ ಬೀಜ ತಂದು ಹಾಕುತ್ತವೆ. ಬೆಂಕಿ ಆರಿಸುವ ಪಡೆಗೆ ಊರಿನವರೇ ಸೇರಿದರು. ಕೀಟ, ಸಸ್ಯಗಳನ್ನು ಸಂಗ್ರಹಿಸಿ ಗುರುತಿಸುವ ತರಬೇತಿಯನ್ನೂ ಸ್ಥಳೀಯರಿಗೇ ಕೊಡಲಾಯಿತು. 1999ರಲ್ಲಿ ಈ ಸಂರಕ್ಷಣಾ ಪ್ರದೇಶ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

1990ರ ದಶಕದ ಕೊನೆಯಲ್ಲಿ ಇಲ್ಲೇ, ಹಣ್ಣಿನ ರಸದ ಕಾರ್ಖಾನೆಯೊಂದರ ಸುಮಾರು 12,000 ಟನ್ ಕಿತ್ತಳೆ ಸಿಪ್ಪೆಯನ್ನು ಸತ್ವ ಕಳೆದುಕೊಂಡ ಸುಮಾರು ಮೂರು ಹೆಕ್ಟೇರ್ ಹುಲ್ಲುಗಾವಲಿನ ಮೇಲೆ ಸುರಿಯಲಾಯಿತು. ಪ್ರತಿಸ್ಪರ್ಧಿ ಕಂಪನಿ ನ್ಯಾಯಾಲಯಕ್ಕೆ ಹೋಗಿ ಯೋಜನೆ ನಿಂತಿತು. ಆದರೆ ಬಿದ್ದ ಸಿಪ್ಪೆ ತನ್ನ ಕೆಲಸ ಮಾಡಿತ್ತು. ಅದು ಹುಲ್ಲನ್ನು ಅಡಗಿಸಿ, ಕೊಳೆತು ಮಣ್ಣಾಯಿತು. ಒಂದೂವರೆ ದಶಕದ ನಂತರ ಸಂಶೋಧಕರು ಬಂದಾಗ, ಜಾಗ ಗುರುತಿಸಲು ನೆಟ್ಟಿದ್ದ ಫಲಕವೇ ಬಳ್ಳಿ-ಮರಗಳ ನಡುವೆ ಸಿಗದಷ್ಟು ಕಾಡು ಎದ್ದಿತ್ತು.

ಮೋಡದೊಳಗಿನ ನಡಿಗೆ

ಮೋಡ ಕವಿದ ಬೆಟ್ಟದೂರು ಮೊಂಟೆವೆರ್ಡೆಯ ಕಥೆ ಶುರುವಾಗುವುದು ಯುದ್ಧ ಬೇಡವೆಂದವರಿಂದ. 1948ರಲ್ಲಿ ಕೋಸ್ಟರಿಕಾ ತನ್ನ ಸೈನ್ಯವನ್ನೇ ರದ್ದು ಮಾಡಿತು. ಅದೇ ಕಾರಣಕ್ಕೆ ಅಮೆರಿಕದ ಅಲಬಾಮಾದಿಂದ, ಸೇನೆಗೆ ಸೇರಲೊಪ್ಪದ ಕ್ವೇಕರ್ ಪಂಥದ ಕುಟುಂಬಗಳು 1951ರಲ್ಲಿ ಇಲ್ಲಿಗೆ ಬಂದು ನೆಲೆಸಿದವು. ಹಸು ಸಾಕಿ ಚೀಸ್ ಮಾಡಿದ ಅವರು, ತಮ್ಮ ಹೊಳೆಯ ಮೂಲ ಬತ್ತಬಾರದೆಂದು ಬೆಟ್ಟದ ನೆತ್ತಿಯ ಕಾಡನ್ನು ಮುಟ್ಟಲಿಲ್ಲ. 1972ರಲ್ಲಿ ಶುರುವಾದ ಮೋಡಗಾಡಿನ ಮೀಸಲು ಪ್ರದೇಶ ಆ ವಿವೇಕದ ಮುಂದುವರಿಕೆ. ಪಕ್ಕದಲ್ಲೇ ‘ಮಕ್ಕಳ ಶಾಶ್ವತ ಮಳೆಕಾಡು’ ಇದೆ. 1987ರಲ್ಲಿ ಸ್ವೀಡನ್ನಿನ ಒಂದು ಶಾಲೆಯ ಮಕ್ಕಳು ಕಾಡು ಕೊಳ್ಳಲು ಹಣ ಕೂಡಿಸಿದರು. ಹಲವು ದೇಶಗಳ ಮಕ್ಕಳು ಕೈಜೋಡಿಸಿದರು. ಇಂದು ಅದು ದೇಶದ ಅತಿದೊಡ್ಡ ಖಾಸಗಿ ರಕ್ಷಿತಾರಣ್ಯ.

ಇಲ್ಲಿ ಮಾಡಬೇಕಾದದ್ದು ಬೆಳಗಿನ ನಡಿಗೆ ಮತ್ತು ತೂಗುಸೇತುವೆಗಳ ಮೇಲಿನ ಸಂಚಾರ. ಕೊಂಬೆಕೊಂಬೆಗೂ ಹಾವಸೆ, ಜರೀಗಿಡ, ಆರ್ಕಿಡ್ ಹೊದ್ದ ಮರಗಳನ್ನು ಅವುಗಳ ನೆತ್ತಿಯ ಎತ್ತರದಿಂದಲೇ ನೋಡಬಹುದು. ಸಾಹಸ ಬೇಕಾದವರಿಗೆ ಜಿಪ್‌ಲೈನ್ ಇದೆ. ಉದ್ದ ಬಾಲದ ಹಸಿರು-ಕೆಂಪು ಕ್ವೆಟ್ಸಾಲ್ ಹಕ್ಕಿಯನ್ನು ಹುಡುಕುವವರು ದಕ್ಷಿಣದ ಸ್ಯಾನ್ ಹೆರಾರ್ಡೊ ದೆ ದೋಟಾ ಕಣಿವೆಗೂ ಹೋಗುತ್ತಾರೆ. ಕಾಡು ಬೆಣ್ಣೆಹಣ್ಣಿನ ಮರವಿದ್ದಲ್ಲಿ ಈ ಹಕ್ಕಿ ಇರುತ್ತದೆ, ಹಾಗಾಗಿ ಅಲ್ಲಿನ ತೋಟದವರು ಆ ಮರಗಳನ್ನು ಜತನದಿಂದ ಉಳಿಸಿಕೊಂಡಿದ್ದಾರೆ.

ಮೊಂಟೆವೆರ್ಡೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಜಗತ್ತಿನಲ್ಲಿ ಇಲ್ಲಿ ಮಾತ್ರ ಇದ್ದ ಹೊನ್ನಬಣ್ಣದ ನೆಲಗಪ್ಪೆ 1989ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ. ಬೇಲಿ ಹಾಕಿ ಕಾದ ಕಾಡಿನೊಳಗೂ ರೋಗ ಮತ್ತು ಹವಾಮಾನದ ಏರುಪೇರು ನುಗ್ಗಬಲ್ಲವು.

ಆಮೆಗಳು ಬರುವ ತೀರ

ಕೆರಿಬಿಯನ್ ಕಡೆಯ ಟೋರ್ಟುಗೇರೊಗೆ ರಸ್ತೆಯಿಲ್ಲ. ದೋಣಿ ಅಥವಾ ಪುಟ್ಟ ವಿಮಾನದಲ್ಲಿ ಹೋಗಬೇಕು. ಕಾಲುವೆಗಳಲ್ಲಿ ನಿಧಾನವಾಗಿ ದೋಣಿ ಸಾಗುವಾಗ ಮೊಸಳೆ ಜಾತಿಯ ಕೇಮನ್, ಮಂಗ, ನಿಧಾನಗತಿಯ ಮರವಾಸಿ ಸ್ಲಾತ್ ಕಾಣಸಿಗುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಹಸಿರು ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆಯಿಡುತ್ತವೆ. ಒಂದು ಕಾಲಕ್ಕೆ ಮಾಂಸಕ್ಕಾಗಿ ಇವುಗಳನ್ನು ಬೇಟೆಯಾಡುತ್ತಿದ್ದ ತೀರವಿದು. 1950ರ ದಶಕದಲ್ಲಿ ಜೀವವಿಜ್ಞಾನಿ ಆರ್ಚೀ ಕಾರ್ ಇಲ್ಲಿ ಆಮೆಗಳ ಅಧ್ಯಯನ ಶುರುಮಾಡಿದರು, ಅದು ಇಂದಿಗೂ ನಡೆದಿದೆ. ರಾತ್ರಿ ತೀರಕ್ಕೆ ಹೋಗಲು ಸ್ಥಳೀಯ ಗೈಡ್ ಕಡ್ಡಾಯ. ಕ್ಯಾಮೆರಾ, ಬಿಳಿ ಬೆಳಕಿನ ಟಾರ್ಚ್ ನಿಷಿದ್ಧ.

ಪೆಸಿಫಿಕ್ ಕಡೆಯ ಓಸ್ಟಿಯೊನಾಲ್‌ನಲ್ಲಿ ಆಲಿವ್ ರಿಡ್ಲಿ ಆಮೆಗಳು ಸಾವಿರಸಾವಿರವಾಗಿ ಒಟ್ಟಿಗೆ ಬರುತ್ತವೆ. ಒಡಿಶಾದ ಋಷಿಕುಲ್ಯದಲ್ಲಿ ಹಿಂಡಾಗಿ, ನಮ್ಮ ಕಾರವಾರ, ಹೊನ್ನಾವರದ ಕಾಸರಕೋಡು ತೀರಗಳಲ್ಲಿ ಒಂದೊಂದಾಗಿ ಗೂಡು ಮಾಡುವುದು ಇದೇ ಪ್ರಭೇದ. ಓಸ್ಟಿಯೊನಾಲ್‌ನಲ್ಲಿ ಮೊದಲು ಇಟ್ಟ ಮೊಟ್ಟೆಗಳಲ್ಲಿ ಎಷ್ಟೋ, ಆಮೇಲೆ ಬಂದ ಆಮೆಗಳು ಅಗೆಯುವಾಗ ನಾಶವಾಗುತ್ತವೆ. ಆದ್ದರಿಂದ ಆರಂಭದ ಸ್ವಲ್ಪ ಕಾಲ ಊರಿನವರಿಗೆ ಮೊಟ್ಟೆ ತೆಗೆಯಲು ಕಾನೂನಿನ ಅನುಮತಿ ಇದೆ. ಬದಲಿಗೆ ಅವರು ತೀರ ಶುಚಿಯಾಗಿಡುತ್ತಾರೆ, ಕಳ್ಳರನ್ನು ತಡೆಯುತ್ತಾರೆ, ಮರಿಗಳನ್ನು ಕಡಲು ಸೇರುವವರೆಗೆ ಕಾಯುತ್ತಾರೆ.

ಬೆಂಕಿಬೆಟ್ಟ, ನೀಲಿ ಹೊಳೆ

ಅರೆನಾಲ್ ಜ್ವಾಲಾಮುಖಿ 1968ರ ಜುಲೈನಲ್ಲಿ ಸ್ಫೋಟಿಸಿ ಹಳ್ಳಿಗಳನ್ನು ಹೂತುಹಾಕಿತು. 2010ರವರೆಗೂ ಕುದಿಯುತ್ತಲೇ ಇತ್ತು. ಈಗ ತಣ್ಣಗಿದೆ. ಲಾವಾ ಹರಿದ ಜಾಡಿನಲ್ಲಿ ನಡೆದು, ಸಂಜೆ ಬಿಸಿನೀರಿನ ಬುಗ್ಗೆಯಲ್ಲಿ ಮೈ ಚಾಚಬಹುದು. ಅಲ್ಲಿಂದ ಟೆನೋರಿಯೊ ಉದ್ಯಾನದ ರಿಯೊ ಸೆಲೆಸ್ಟೆ ದೂರವಿಲ್ಲ. ಎರಡು ತಿಳಿಹೊಳೆಗಳು ಸೇರುವಲ್ಲಿ ಅಲ್ಯುಮಿನಿಯಂ ಮತ್ತು ಸಿಲಿಕಾ ಇರುವ ಸೂಕ್ಷ್ಮ ಕಣಗಳು ಹಿಗ್ಗಿ, ಬೆಳಕಿನ ನೀಲಿಯನ್ನು ಚೆದುರಿಸುತ್ತವೆ. ನೀರನ್ನು ಬೊಗಸೆಯಲ್ಲಿ ಹಿಡಿದರೆ ಬಣ್ಣವಿಲ್ಲ, ಹೊಳೆಯಲ್ಲಿ ನೋಡಿದರೆ ಆಕಾಶನೀಲಿ. ಉದ್ಯಾನದೊಳಗೆ ಈಜುವಂತಿಲ್ಲ.

ಓಸಾದ ದಟ್ಟಡವಿ

ಸಮಯ ಮತ್ತು ಕಾಲಿನ ಕಸುವು ಇರುವವರು ನೈಋತ್ಯದ ಓಸಾ ಪರ್ಯಾಯದ್ವೀಪದ ಕೊರ್ಕೊವಾಡೊ ಬಿಡಬಾರದು. ಕಾಬೊ ಬ್ಲಾಂಕೊ ಉಳಿಸಿದ ವೆಸ್‌ಬರ್ಗ್ ಈ ಕಾಡು ಉಳಿಸುವ ಹೋರಾಟಕ್ಕೆಂದು ಹೋಗಿ 1975ರಲ್ಲಿ ಅಲ್ಲೇ ಕೊಲೆಯಾದರು. ಅದೇ ವರ್ಷ ಅದು ರಾಷ್ಟ್ರೀಯ ಉದ್ಯಾನವಾಯಿತು. ದೇಶದ ನಾಲ್ಕೂ ಬಗೆಯ ಮಂಗಗಳು, ಕೆಂಪು ಮಕಾವ್ ಗಿಳಿಗಳು, ಹಂದಿಯಂತೆ ಕಾಣುವ ಟೇಪಿರ್, ಪ್ಯೂಮಾ ಇಲ್ಲಿವೆ. ಗೈಡ್ ಇಲ್ಲದೆ ಪ್ರವೇಶವಿಲ್ಲ. ಈ ನಿಯಮವನ್ನು ಕಿರಿಕಿರಿ ಎಂದುಕೊಳ್ಳಬೇಡಿ. ನೂರು ಬಾರಿ ಕಣ್ಣಾಡಿಸಿದರೂ ನಮಗೆ ಬರೀ ಎಲೆ ಕಾಣುವ ಕಡೆ ಗೈಡ್‌ಗೆ ಮಲಗಿದ ಸ್ಲಾತ್ ಕಾಣುತ್ತದೆ. ಕಾಡು ನಿಂತಿದ್ದರೆ ಅವರ ಮನೆಯ ಒಲೆ ಉರಿಯುತ್ತದೆ. ಅಷ್ಟು ಖಚಿತವಾದ ನಂಟು ಕಾಡಿಗೆ ಸಿಗುವ ದೊಡ್ಡ ಕಾವಲು.

ಹೋಗುವವರಿಗೆ

ಡಿಸೆಂಬರ್‌ನಿಂದ ಏಪ್ರಿಲ್ ಒಣ ಹವೆಯ ಕಾಲ, ಜನವೂ ಹೆಚ್ಚು. ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮಳೆ, ಆದರೆ ಕೆರಿಬಿಯನ್ ಕಡೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಳೆ ಕಡಿಮೆ. ಭಾರತದಿಂದ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋದರೆ ವಿಮಾನ ಬದಲಿಸಲಿಕ್ಕೂ ಆ ದೇಶದ ವೀಸಾ ಬೇಕು, ಯುರೋಪಿನ ದಾರಿಯೂ ಇದೆ. ರಾಜಧಾನಿ ಸ್ಯಾನ್ ಹೊಸೆ. ಮಾನ್ವೆಲ್ ಆಂಟೋನಿಯೊದಂಥ ಪುಟ್ಟ, ಜನಪ್ರಿಯ ಉದ್ಯಾನಗಳಲ್ಲಿ ದಿನಕ್ಕೆ ಇಂತಿಷ್ಟೇ ಜನರಿಗೆ ಪ್ರವೇಶ, ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಬೇಕು. ಅನ್ನ ಮತ್ತು ಕಪ್ಪು ಬೀನ್ಸ್ ಇಲ್ಲಿನ ದಿನನಿತ್ಯದ ಊಟ.

ಒಂದೇ ವಾರದಲ್ಲಿ ಎಲ್ಲ ಸುತ್ತುವ ಆತುರ ಬೇಡ. ಎರಡು ಮೂರು ತಾಣ ಆರಿಸಿ, ಊರಿನವರು ನಡೆಸುವ ವಸತಿಗೃಹದಲ್ಲಿ ಉಳಿದು, ಸ್ಥಳೀಯ ಗೈಡ್ ಜೊತೆ ನಡೆಯಿರಿ. ಮರ ಕಡಿದು ಗಳಿಸುವುದಕ್ಕಿಂತ ಅದನ್ನು ತೋರಿಸಿ ಗಳಿಸುವುದು ಲೇಸು ಎಂಬ ನಂಬಿಕೆಯ ಮೇಲೆ ಆ ಊರುಗಳು ನಿಂತಿವೆ. ನಮ್ಮ ಖರ್ಚು ಆ ನಂಬಿಕೆಗೆ ಬಲ ಕೊಡುವಂತಿರಲಿ.