ವಿದ್ಯಾರ್ಥಿಯ ದೀಪವೂ ದೇಹದ ಗಡಿಯಾರವೂ

ಚೆನ್ನೈ ಉಚ್ಚ ನ್ಯಾಯಾಲಯದಲ್ಲಿ ಸರ್ ಟಿ. ಮುತ್ತುಸ್ವಾಮಿ ಅಯ್ಯರವರ ಪ್ರತಿಮೆಯಿದೆ. ಆ ನ್ಯಾಯಾಲಯದ ಪ್ರಥಮ ಭಾರತೀಯ ನ್ಯಾಯಾಧೀಶರಾದ ಇವರು ಬಡತನದ ಬಾಲ್ಯದಲ್ಲಿ ಬೀದಿದೀಪದ ಕೆಳಗೆ ಕುಳಿತು ಓದಿದರೆಂಬ ಐತಿಹ್ಯವು ತಮಿಳರಲ್ಲಿ ಪ್ರಸಿದ್ಧವಾಗಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ವಿಷಯದಲ್ಲಿ ಕನ್ನಡಿಗರೂ ಇಂತಹುದೇ ಕಥೆಯನ್ನು ಹೇಳುವುದುಂಟು. ಅದರ ಸತ್ಯಾಸತ್ಯತೆಯು ಪ್ರಕೃತವಲ್ಲ. ರಾತ್ರಿ ಹೆಚ್ಚು ಹೊತ್ತು ದೀಪ ಉರಿಸಿದವನೇ ಮುಂದೆ ಬರುವನೆಂಬ ತಾತ್ಪರ್ಯವನ್ನು ನಾವು ಈ ಕಥೆಗಳಿಂದ ತೆಗೆದಿದ್ದೇವೆ. ಆದರೆ ಆ ಕಾಲದ ಎಣ್ಣೆಯ ದೀಪಕ್ಕೂ ಇಂದಿನ ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲಿನ ಬೆಳಕಿಗೂ ಇರುವ ಭೇದವನ್ನು ನಾವು ಲಕ್ಷಿಸಿಲ್ಲ.

ಕಣ್ಣು ನೋಡುವುದಕ್ಕೆ ಮಾತ್ರ ಇರುವ ಇಂದ್ರಿಯವೆಂದು ಬಹುಕಾಲ ತಿಳಿಯಲಾಗಿತ್ತು. ಅಕ್ಷಿಪಟಲದಲ್ಲಿ ರೂಪವನ್ನು ಗ್ರಹಿಸುವ ಕಣಗಳಲ್ಲದೆ, ಹಗಲು ರಾತ್ರಿಗಳ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಬೇರೊಂದು ಜಾತಿಯ ಕಣಗಳೂ ಇವೆಯೆಂಬುದು 2002ರ ಸುಮಾರಿಗೆ ದೃಢಪಟ್ಟಿತು. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ದ್ರವ್ಯವು ನೀಲಿ ಬೆಳಕಿಗೆ ವಿಶೇಷವಾಗಿ ಸ್ಪಂದಿಸುತ್ತದೆ. ಸುದ್ದಿಯು ತಲಪುವುದು ಮಿದುಳಿನ ಬುಡದಲ್ಲಿರುವ, ದೇಹದ ಗಡಿಯಾರವೆನ್ನಬಹುದಾದ ಒಂದು ಪುಟ್ಟ ಕೇಂದ್ರಕ್ಕೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ರಸವು ಸ್ರವಿಸತೊಡಗಿ ದೇಹವನ್ನು ನಿದ್ರೆಗೆ ಅಣಿಗೊಳಿಸುತ್ತದೆ. ರಾತ್ರಿಯ ಪ್ರಖರವಾದ ಬೆಳಕು ಈ ಸ್ರಾವವನ್ನು ತಡೆಯುತ್ತದೆಂಬುದನ್ನು ಮನುಷ್ಯರಲ್ಲಿ ತೋರಿಸಿಕೊಟ್ಟದ್ದು 1980ರಲ್ಲಿ. ಮುಂಜಾವಿನ ಬೆಳಕು ಈ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದರೆ ರಾತ್ರಿಯ ಬೆಳಕು ಹಿಂದಕ್ಕೆ ತಿರುಗಿಸುತ್ತದೆ. ಎಣ್ಣೆಯ ದೀಪದ ಮಂದವಾದ ಹಳದಿ ಕಾಂತಿಯಲ್ಲಿ ನೀಲಿಯ ಅಂಶ ಅತ್ಯಲ್ಪ. ಅದರಡಿಯಲ್ಲಿ ಓದಿದವನ ಕಣ್ಣು ದಣಿಯುತ್ತಿದ್ದಿರಬಹುದು. ಗಡಿಯಾರವು ಬಹಳವಾಗಿ ಕೆಡುತ್ತಿರಲಿಲ್ಲ.

ಈ ಶಾಸ್ತ್ರವು ನಮಗೆ ದೂರದ್ದೇನೂ ಅಲ್ಲ. ಮದ್ರಾಸು ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿ, ಮಧುರೆಯಲ್ಲಿ ಬಹುವರ್ಷ ದುಡಿದು, ಅನಂತರ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದ ಎಂ. ಕೆ. ಚಂದ್ರಶೇಖರನ್ ಅವರು ಗುಹೆಗಳ ಬಾವಲಿಗಳಲ್ಲಿ ಈ ಗಡಿಯಾರದ ನಡೆಯನ್ನು ಪರಿಶೀಲಿಸಿದವರು. ಕಿಟಕಿಯಾಗಲಿ ಗಡಿಯಾರವಾಗಲಿ ಇಲ್ಲದ ಕೋಣೆಯೊಂದರಲ್ಲಿ ಮನುಷ್ಯರನ್ನೇ ಇರಿಸಿ ನೋಡುವ ವ್ಯವಸ್ಥೆಯೂ ಮಧುರೆಯಲ್ಲಿ ಅವರ ಕಾಲದಲ್ಲಿ ಏರ್ಪಟ್ಟಿತು. ಸೂರ್ಯನ ಸಂಪರ್ಕ ತಪ್ಪಿದ ಮನುಷ್ಯನ ದಿನವು ಸಾಮಾನ್ಯವಾಗಿ 24 ಗಂಟೆಗಿಂತ ತುಸು ಉದ್ದವಾಗುತ್ತದೆ. ಅವನು ದಿನದಿನಕ್ಕೂ ತಡವಾಗಿ ಮಲಗಿ ತಡವಾಗಿ ಏಳುತ್ತಾನೆ. ಹದಿಹರೆಯದಲ್ಲಿ ಗಡಿಯಾರವು ಸ್ವಭಾವತಃ ಹಿಂದೆ ಬೀಳುವುದರಿಂದ ಈ ಪ್ರವೃತ್ತಿ ಇನ್ನೂ ಬಲವಾಗಿರುತ್ತದೆ.

ಬೆಳಕಿನ ವಿಷಯದಲ್ಲಿ ಚೆನ್ನೈ ಭಾಗ್ಯಶಾಲಿಯಾದ ನಗರ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಸರಿಸುಮಾರು ಒಂದೇ ಅಕ್ಷಾಂಶದ ಮೇಲಿವೆ. ಚೆನ್ನೈಯಲ್ಲಿ ಮೂಡಿದ ಸೂರ್ಯನು ಬೆಂಗಳೂರಿಗೆ ಸುಮಾರು 11 ನಿಮಿಷಗಳ ತರುವಾಯ, ಮಂಗಳೂರಿಗೆ ಸುಮಾರು 22 ನಿಮಿಷಗಳ ತರುವಾಯ ಕಾಣಿಸಿಕೊಳ್ಳುತ್ತಾನೆ. ಗಡಿಯಾರ ಮಾತ್ರ ಮೂರು ಊರಿಗೂ ಒಂದೇ. ಈ ಅಂತರವು ಅಲ್ಪವೆಂದು ತೋರಬಹುದು. ಆದರೆ ದೇಶದ ಪೂರ್ವ ಪಶ್ಚಿಮಗಳ ಮಕ್ಕಳನ್ನು ಹೋಲಿಸಿದ ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿಯವರು, ಸೂರ್ಯಾಸ್ತವು ಒಂದು ಗಂಟೆ ತಡವಾದಲ್ಲಿ ಮಕ್ಕಳ ನಿದ್ರೆಯು ಸುಮಾರು ಅರ್ಧ ಗಂಟೆ ಕುಗ್ಗುವುದೆಂದು ಕಂಡುಕೊಂಡಿದ್ದಾರೆ. ಶಾಲೆಯ ಗಂಟೆಯು ಸೂರ್ಯನಿಗಾಗಿ ಕಾಯುವುದಿಲ್ಲವಷ್ಟೆ.

ಹೀಗಿದ್ದೂ ಈ ನಗರದ ವಿದ್ಯಾರ್ಥಿಯು ಬೆಳಕಿಲ್ಲದೆ ಸೊರಗುವನೆಂದರೆ ಆಶ್ಚರ್ಯವಾದೀತು. ತಿರುವಲ್ಲಿಕ್ಕೇಣಿಯಲ್ಲಿ ಮ್ಯಾನ್ಷನ್ ಎಂದು ಕರೆಯುವ ವಸತಿಗೃಹಗಳ ಒಳಕೋಣೆಗಳನ್ನು ನೋಡಿದವರಿಗೆ ಇದು ತಿಳಿದೀತು. ಕಿಟಕಿಯಿದ್ದರೆ ಅದು ಎದುರು ಗೋಡೆಗೆ ತೆರೆದಿರುತ್ತದೆ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್‌ಗಳಷ್ಟಿರುತ್ತದೆ. ಮರದ ನೆರಳಿನಲ್ಲಿಯೂ ಹಲವು ಸಾವಿರ ಉಂಟು. ತರಗತಿಯೊಳಗೆ ಕೆಲವು ನೂರು ಇದ್ದರೆ ಹೆಚ್ಚು. ಬಿಸಿಲಿಗೆ ಹೆದರಿ ಪರದೆಯೆಳೆದು ಹಗಲೆಲ್ಲ ಮಬ್ಬಿನಲ್ಲಿ ಕಳೆದವನು ರಾತ್ರಿ ಹತ್ತರ ಮೇಲೆ ಬಿಳಿಯ ವಿದ್ಯುದ್ದೀಪದಡಿಯಲ್ಲಿ ಪುಸ್ತಕ ಬಿಡಿಸಿ, ಮಲಗಿದ ಮೇಲೂ ಮೊಬೈಲನ್ನು ಮುಖಕ್ಕೆ ಹಿಡಿಯುತ್ತಾನೆ. ಅವನ ದೇಹಕ್ಕೆ ಹಗಲು ಯಾವುದು, ರಾತ್ರಿ ಯಾವುದು?

ಇಲ್ಲಿ ಕಳವಳದ ಪ್ರಶ್ನೆ ಬರುತ್ತದೆ. ಗಡಿಯಾರವು ಹಿಂದೆ ಬಿದ್ದ ವಿದ್ಯಾರ್ಥಿಗೆ ಎರಡು ಗಂಟೆಯವರೆಗೂ ನಿದ್ರೆ ಹತ್ತದು. ಕತ್ತಲಲ್ಲಿ ಹೊರಳುತ್ತ ಆತನು ಪರೀಕ್ಷೆಯನ್ನು ನೆನೆಯುತ್ತಾನೆ. ಭಯದಿಂದಲೇ ತನಗೆ ನಿದ್ರೆ ಬಾರದೆಂದು ತೀರ್ಮಾನಿಸುತ್ತಾನೆ. ಗಡಿಯಾರದ ದೋಷವನ್ನು ತನ್ನ ಮನಸ್ಸಿನ ದೌರ್ಬಲ್ಯವೆಂದು ಬಗೆಯುವ ಈ ತಪ್ಪು ಅತ್ಯಂತ ಕ್ರೂರವಾದುದೆಂದು ನನಗೆ ತೋರುತ್ತದೆ. ನಿದ್ರೆಗೆಟ್ಟ ಮಿದುಳಿನಲ್ಲಿ ಭೀತಿಯ ಕೇಂದ್ರವು ಅತಿಯಾಗಿ ಕೆರಳುವುದೆಂದೂ ಅದನ್ನು ಹಿಡಿತದಲ್ಲಿಡುವ ಭಾಗದ ಪ್ರಭಾವವು ಸಡಿಲವಾಗುವುದೆಂದೂ ಪ್ರಯೋಗಗಳು ತೋರಿಸಿವೆ. ಆದುದರಿಂದ ಮರುದಿನದ ಕಳವಳವು ನಿಜವಾಗಿಯೇ ಹೆಚ್ಚಿರುತ್ತದೆ.

ಆದರೂ ಬೆಳಕೇ ಸರ್ವಕಾರಣವೆಂದು ಹೇಳಲಾಗದು. 2023ರಲ್ಲಿ ಪ್ರಕಟವಾದ ಬ್ರಿಟನ್ನಿನ 86,000ಕ್ಕೂ ಹೆಚ್ಚು ವಯಸ್ಕರ ಪರಿಶೀಲನೆಯಲ್ಲಿ ರಾತ್ರಿಯ ಬೆಳಕು ಹೆಚ್ಚಿದವರಲ್ಲಿ ಖಿನ್ನತೆಯೂ ಆತಂಕರೋಗವೂ ಹೆಚ್ಚಾಗಿ ಕಂಡುಬಂದವು. ಹಗಲಿನ ಬೆಳಕು ಹೆಚ್ಚಿದವರಲ್ಲಿ ಖಿನ್ನತೆ ಕಡಮೆಯಿತ್ತು. ಇದು ಸಾಹಚರ್ಯವೇ ಹೊರತು ಕಾರ್ಯಕಾರಣದ ಸಿದ್ಧಿಯಲ್ಲ. ಕಳವಳಗೊಂಡವನೇ ರಾತ್ರಿ ದೀಪ ಆರಿಸದಿರಬಹುದಲ್ಲವೆ? ಮೇಲಾಗಿ ಜನರಲ್ಲಿ ತಾರತಮ್ಯವು ಅಪಾರ. 2019ರ ಒಂದು ಪ್ರಯೋಗದಲ್ಲಿ, ಮೆಲಟೋನಿನ್ ಅರ್ಧಕ್ಕಿಳಿಯಲು ಒಬ್ಬನಿಗೆ 6 ಲಕ್ಸ್ ಸಾಕಾದರೆ ಇನ್ನೊಬ್ಬನಿಗೆ 350 ಬೇಕಾಯಿತು. ಒಂದೇ ಕೋಣೆಯಲ್ಲಿರುವ ಇಬ್ಬರು ಗೆಳೆಯರಲ್ಲಿ ಒಬ್ಬನು ದೀಪದಡಿಯಲ್ಲೇ ಗೊರಕೆ ಹೊಡೆಯುವುದಕ್ಕೂ ಮತ್ತೊಬ್ಬನು ಬೆಳಗಿನವರೆಗೆ ಕಣ್ಣು ಬಿಟ್ಟಿರುವುದಕ್ಕೂ ಇದೂ ಒಂದು ಕಾರಣವಿರಬಹುದು.

ಚೆನ್ನೈಯಲ್ಲಿಯೇ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಗಮನಾರ್ಹ. ಅದರ ವಿಷಯ ವಿದ್ಯಾರ್ಥಿಗಳಲ್ಲ, ನಗರದ ಬಡ ದುಡಿಮೆಗಾರರಾದ 452 ಮಂದಿ. ಎಂಟು ಗಂಟೆ ಹಾಸಿಗೆಯಲ್ಲಿದ್ದೂ ಅವರು ನಿದ್ರಿಸುತ್ತಿದ್ದುದು ಐದೂವರೆ ಗಂಟೆ ಮಾತ್ರ. ರಾತ್ರಿಯ ನಿದ್ರೆಯನ್ನು ಸುಮಾರು ಅರ್ಧ ಗಂಟೆ ಹೆಚ್ಚಿಸಿದರೂ ಹೇಳತಕ್ಕ ಪ್ರಯೋಜನ ಕಾಣಲಿಲ್ಲ. ಮಧ್ಯಾಹ್ನ ಕೆಲಸದ ಎಡೆಯಲ್ಲಿ ಕೊಟ್ಟ ಕಿರುನಿದ್ರೆಯಿಂದ ಕೆಲಸವೂ ಮನಃಸ್ಥಿತಿಯೂ ಸುಧಾರಿಸಿದವು. ಸೆಕೆ, ಸೊಳ್ಳೆ, ಸದ್ದುಗಳಿಂದ ಹರಿದ ನಿದ್ರೆಯನ್ನು ದೀಪ ಆರಿಸಿದ ಮಾತ್ರಕ್ಕೆ ಹೊಲಿಯಲಾಗದೆಂಬುದು ಇದರಿಂದ ಊಹ್ಯ.

ದೀಪದ ಮಟ್ಟಿಗೆ ವಿದ್ಯಾರ್ಥಿಯ ಕೈಯಲ್ಲಿರುವುದು ಇಷ್ಟು: ಮಲಗುವುದಕ್ಕೆ ಮುಂಚಿನ ಮೂರು ಗಂಟೆ ಕೋಣೆಯ ಬೆಳಕನ್ನು ತಗ್ಗಿಸಿ, ಓದುವ ಪುಟದ ಮೇಲೆ ಮಾತ್ರ ಬೀಳುವ ಹಳದಿ ದೀಪವನ್ನಿಡುವುದು; ಮುಂಜಾನೆ ಬಯಲಿಗೆ ಬರುವುದು. ಪರೀಕ್ಷೆಗಳು ನಡೆಯುವ ಮಾರ್ಚ್ ಮಧ್ಯದಲ್ಲಿ ಚೆನ್ನೈಯ ಸೂರ್ಯನು ಸುಮಾರು ಆರೂಕಾಲಕ್ಕೆ ಮೂಡುತ್ತಾನೆ. ತಿರುವಲ್ಲಿಕ್ಕೇಣಿಯಿಂದ ಮರೀನಾ ತೀರಕ್ಕೆ ಕಾಲ್ನಡಿಗೆಯಲ್ಲಿಯೇ ಹೋಗಬಹುದು, ಪುಸ್ತಕವನ್ನೂ ಒಯ್ಯಬಹುದು.