ಕಟ್ಟಿಕೊಂಡ ಬಚ್ಚಲಿಗೆ ಕೈಯೇ ಮದ್ದು

ಗ್ರೇಟರ್ ನೋಯ್ಡಾದ ಬಹುಮಹಡಿ ಫ್ಲ್ಯಾಟುಗಳಲ್ಲಿ ಬಚ್ಚಲು ಒಂದೇ ದಿನದಲ್ಲಿ ಕಟ್ಟಿಕೊಳ್ಳುವುದಿಲ್ಲ. ಮೊದಲು ಶವರ್ ನಿಲ್ಲಿಸಿದ ಮೇಲೂ ಒಂದೆರಡು ನಿಮಿಷ ಅಂಗಾಲಿನಡಿ ನೀರು ನಿಂತಿರುತ್ತದೆ. ಕೆಲವು ವಾರ ಕಳೆದರೆ ಹಿಮ್ಮಡಿ ಮುಳುಗುತ್ತದೆ, ಜಾಲರಿಯ ಸುತ್ತ ನೊರೆ ತೇಲುತ್ತಾ ಹೋಗಲೋ ಬೇಡವೋ ಎಂದು ಸುತ್ತುತ್ತದೆ. ನೀರು ಹೊಸ್ತಿಲು ದಾಟಿ ಕೋಣೆಗೆ ಬಂದ ದಿನ ಮನೆಯವರು ಎಚ್ಚೆತ್ತು, ಡ್ರೇನ್ ಕ್ಲೀನರ್ ಪುಡಿಯನ್ನೋ ಟಾಯ್ಲೆಟ್ ತೊಳೆಯುವ ಆ್ಯಸಿಡ್ಡನ್ನೋ ತಂದು ಸುರಿಯುತ್ತಾರೆ. ಅದು ಮನೆಯೊಳಗಿನ ಕೆಲಸಕ್ಕೆ ಬಹುಪಾಲು ಬೇಕಾಗಿಲ್ಲ, ಕೆಲವೊಮ್ಮೆ ಅಪಾಯವನ್ನೂ ತರುತ್ತದೆ. ಕಟ್ಟಿಕೊಂಡಿರುವ ವಸ್ತು ಸಾಮಾನ್ಯವಾಗಿ ಜಾಲರಿಯಿಂದ ಒಂದು ಗೇಣಿನೊಳಗೇ ಇರುತ್ತದೆ. ಅದನ್ನು ಕರಗಿಸುವುದಕ್ಕಿಂತ ಎತ್ತಿ ಹಾಕುವುದು ಸುಲಭ. ಹೀಗಿದ್ದೂ ನಾವು ಬಾಟಲಿ ಕೊಳ್ಳುತ್ತೇವೆ, ಏಕೆಂದರೆ ಅದರ ಜೊತೆಗೆ ಮುಟ್ಟದೆ ಇರುವ ಅನುಕೂಲವೂ ಸಿಗುತ್ತದೆ.

ಬಚ್ಚಲು ಕಟ್ಟುವುದೇಕೆ ಎಂದು ತಿಳಿಯಲು ಇಲ್ಲಿನ ನೆಲವನ್ನೇ ನೋಡಬೇಕು. ಗಂಗೆ ಮತ್ತು ಯಮುನೆ ನದಿಗಳ ನಡುವಿನ ಮೆಕ್ಕಲು ಮಣ್ಣಿನ ಬಯಲಿದು. 1991ರಲ್ಲಿ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದ ಮೇಲೆ ಬೆಳೆದ ಈ ಊರು ಬಹುಕಾಲ ನೆಚ್ಚಿಕೊಂಡದ್ದು ಕೊಳವೆಬಾವಿಯನ್ನು. ಗಂಗಾ ಬಯಲಿನ ಹಳೆಯ ಮೆಕ್ಕಲಿನಲ್ಲಿ ‘ಕಂಕರ್’ ಎನ್ನುವ ಸುಣ್ಣದ ಗಂಟುಗಳಿರುತ್ತವೆ. ಅಂಥ ನೆಲದಡಿಯ ನೀರಿನಲ್ಲಿ ಸುಣ್ಣದಂಶ ಕರಗಿರುವುದು ಸಹಜ. ಗೀಸರಿನ ಕಾಯಿಲ್ ಮೇಲಿನ ಬಿಳಿ ಪದರವೂ ನಲ್ಲಿಯ ಮೂತಿಯ ಮೇಲಿನ ಕರೆಯೂ ಅದರ ಗುರುತುಗಳೇ. ಭಾರತೀಯ ಮಾನಕ ಬ್ಯೂರೊದ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪಿತ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹ್ಯ. ನೀರಿನ ಗಡಸುತನ 300 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಅದರ ಪ್ರತಿ ಲೀಟರ್ ಸುಮಾರು 1.8 ಗ್ರಾಂ ಸೋಪನ್ನು ಕರಗದ ಜಿಡ್ಡಾಗಿಸಬಲ್ಲದು. ಒಂದು ಸ್ನಾನಕ್ಕೆ ನಾವು ಸವೆಸುವುದು ಕೆಲವೇ ಗ್ರಾಂ. ಅಂದರೆ ಒಂದು ಬಕೆಟ್ ನೀರಿಗೆ ಆ ಸೋಪನ್ನೆಲ್ಲ ಜಿಡ್ಡಾಗಿಸುವ ಶಕ್ತಿ ಇದೆ. ಸುಣ್ಣದಂಶಕ್ಕೆ ಸಿಕ್ಕ ಸೋಪು ಬೂದುಬಣ್ಣದ ಮೇಣವಾಗಿ ಕೊಳವೆಗೆ ಮೆತ್ತಿಕೊಳ್ಳುತ್ತದೆ.

ಮೇಣ ಒಂದೇ ಆಗಿದ್ದರೆ ನೀರಿನ ರಭಸ ಅದನ್ನು ಅಷ್ಟಿಷ್ಟು ತಳ್ಳಿಕೊಂಡು ಹೋಗುತ್ತಿತ್ತು. ಅದನ್ನು ಹಿಡಿದು ನಿಲ್ಲಿಸುವುದು ಕೂದಲು. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಹಳ್ಳಿಯಲ್ಲಿ ಮಣ್ಣಿನ ಗೋಡೆ ಕಟ್ಟುವವರು ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದರು, ಗೋಡೆ ಬಿರುಕು ಬಿಡದಿರಲಿ ಎಂದು. ನಮಗೆ ಗೊತ್ತಿಲ್ಲದೆ ಬಚ್ಚಲಲ್ಲಿ ನಡೆಯುವುದೂ ಅದೇ ಕೆಲಸ: ಕೂದಲಿನ ಬಲೆ, ಅದರ ಮೇಲೆ ಸುಣ್ಣ ಬೆರೆತ ಸೋಪಿನ ಗಾರೆ. ಸೀಗೆಕಾಯಿ, ಅಂಟುವಾಳಗಳ ಕಾಲದಲ್ಲಿ ಈ ಗಾರೆ ಕಲೆಯುತ್ತಿರಲಿಲ್ಲ. ಅವುಗಳ ನೊರೆಗೆ ಕಾರಣವಾದ ಸಪೋನಿನ್, ಸೋಪಿನಂತೆ ಸುಣ್ಣದಂಶಕ್ಕೆ ಸೋತು ಗಟ್ಟಿಯಾಗುವುದಿಲ್ಲ. ಮೇಲಾಗಿ ಆ ಬಚ್ಚಲಿನ ನೀರು ತೆರೆದ ಕಾಲುವೆಯಲ್ಲಿ ಹರಿದು ಹಿತ್ತಲಿನ ಬಾಳೆಯ ಬುಡ ಸೇರುತ್ತಿತ್ತು. ಕಸ ನಿಂತರೆ ಕಣ್ಣಿಗೆ ಬೀಳುತ್ತಿತ್ತು, ಕೋಲಿನಿಂದ ಎಳೆದರೆ ಮುಗಿಯುತ್ತಿತ್ತು. ಫ್ಲ್ಯಾಟಿನ ಬಚ್ಚಲಿನಲ್ಲಿ ಕಸ ಕಣ್ಣಿಗೆ ಕಾಣದ ಕಡೆ ಕೂರುತ್ತದೆ.

ಜಾಲರಿಯ ಕೆಳಗೆ ಪ್ಲಂಬರುಗಳು ‘ನಹಾನಿ ಟ್ರ್ಯಾಪ್’ ಎನ್ನುವ ತಿರುವು ಇದೆ. ಅದರಲ್ಲಿ ಸದಾ ನಿಂತಿರುವ ಒಂದಿಷ್ಟು ನೀರು ಚರಂಡಿಯ ವಾಸನೆಯನ್ನೂ ಜಿರಲೆಯನ್ನೂ ಮೇಲೆ ಬರದಂತೆ ತಡೆಯುತ್ತದೆ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಶೌಚಾಲಯಕ್ಕೆಂದು ಪೇಟೆಂಟ್ ಪಡೆದ ಬಾಗು ಕೊಳವೆಯ ತತ್ತ್ವವೂ ಇದೇ. ಕಾವಲಿಗಿಟ್ಟ ಈ ತಿರುವಿನಲ್ಲೇ ನೀರು ನಿಧಾನವಾಗುವುದರಿಂದ ಗಾರೆಯೂ ಇಲ್ಲೇ ಕೂರುತ್ತದೆ. ಟಾಯ್ಲೆಟ್ ಕ್ಲೀನರಿನ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣದ ಕರೆ ತೆಗೆಯುತ್ತದೆ ನಿಜ, ಆದರೆ ಕೂದಲಿನ ಕೆರಾಟಿನ್ ಅದಕ್ಕೆ ಜಗ್ಗುವುದಿಲ್ಲ. ಟೈಲ್ಸ್ ಸಂದಿನ ಸಿಮೆಂಟು ಮಾತ್ರ ಸವೆಯುತ್ತದೆ. ಕಾಸ್ಟಿಕ್ ಸೋಡಾ ಕೂದಲನ್ನು ಕರಗಿಸಬಲ್ಲದು. ನಿಂತ ನೀರಿನಲ್ಲಿ ಬೆರೆತು ತೆಳುವಾದ ಮೇಲೆ ಅದರ ಕೆಲಸ ನಿಧಾನ. ಕೊಳವೆ ತೆರೆಯದೇ ಹೋದರೆ ಬಚ್ಚಲಲ್ಲಿ ಉಳಿಯುವುದು ಚರ್ಮ ಸುಡುವ, ಕಣ್ಣಿಗೆ ಎರಚಿದರೆ ದೃಷ್ಟಿ ಕಳೆಯಬಲ್ಲ ದ್ರವ. ಮರುದಿನ ಬರುವ ಪ್ಲಂಬರ್ ಅದರಲ್ಲೇ ಕೈಹಾಕಬೇಕು. ಆ್ಯಸಿಡ್ ಸುರಿದ ಜಾಗಕ್ಕೆ ಬ್ಲೀಚಿಂಗ್ ಪುಡಿ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸುವ ಮನೆಮದ್ದಿನಲ್ಲಿ ಅಪಾಯವಿಲ್ಲ, ಫಲವೂ ಕಡಿಮೆ. ಎರಡೂ ಒಂದನ್ನೊಂದು ತಟಸ್ಥಗೊಳಿಸಿ ಬುರುಬುರು ನೊರೆ ಎಬ್ಬಿಸುತ್ತವೆ, ಕೂದಲು ಕೂತಲ್ಲೇ ಇರುತ್ತದೆ.

ಕೈಕೆಲಸಕ್ಕೆ ಬೇಕಾದದ್ದು ರಬ್ಬರ್ ಗ್ಲೌಸ್, ಟಾರ್ಚು, ತುದಿ ಬಗ್ಗಿಸಿದ ಗಟ್ಟಿ ತಂತಿ, ಹಳೆಯ ಬಕೆಟ್. ತಂತಿಗೆ ಬದಲು ಅಂಚಿನಲ್ಲಿ ಮುಳ್ಳುಗಳಿರುವ ಅಗ್ಗದ ಪ್ಲಾಸ್ಟಿಕ್ ಪಟ್ಟಿಯೂ ಆದೀತು. ನಿಂತ ನೀರನ್ನು ಮೊದಲು ಮಗ್ಗಿನಿಂದ ಬಕೆಟ್ಟಿಗೆ ತೋಡಬೇಕು. ಆಮೇಲೆ ಜಾಲರಿ ಎತ್ತಿ, ಒಳಗೆ ಬಟ್ಟಲಿನಂಥ ಭಾಗವಿದ್ದರೆ ಅದನ್ನೂ ತಿರುಗಿಸಿ ತೆಗೆಯಬೇಕು. ತಂತಿಯ ಕೊಕ್ಕೆಯನ್ನು ತಿರುವಿನೊಳಗೆ ಇಳಿಸಿ, ಒಂದೆರಡು ಸುತ್ತು ತಿರುಗಿಸಿ, ಮೆಲ್ಲಗೆ ಮೇಲಕ್ಕೆ ಎಳೆಯಬೇಕು. ಒಳಕ್ಕೆ ತಳ್ಳಿದರೆ ಗಂಟು ಕೈಗೆಟುಕದ ಕಡೆ ಹೋಗಿ ಕೂರುತ್ತದೆ. ಮೇಲೆ ಬರುವುದು ಜಾರುವ, ಹುಳಿವಾಸನೆಯ, ಇಲಿಬಾಲದಂಥ ಬೂದು ಉಂಡೆ. ಅದು ಕಸದ ಚೀಲಕ್ಕೆ ಹೋಗಬೇಕು, ಕಮೋಡಿಗಲ್ಲ. ಕೊನೆಗೆ ಪಾತ್ರೆ ತೊಳೆಯುವ ದ್ರವವನ್ನು ಸ್ವಲ್ಪ ಹಾಕಿ, ಕೈಗೆ ತಾಳುವಷ್ಟೇ ಬಿಸಿಯಾದ ನೀರನ್ನು ಒಂದು ಬಕೆಟ್ ಸುರಿದರೆ ಉಳಿದ ಜಿಡ್ಡು ಸಡಿಲವಾಗುತ್ತದೆ. ಕುದಿಯುವ ನೀರು ಬೇಡ. ಅದರ ಬಿಸಿಗೆ ಪಿವಿಸಿ ಕೊಳವೆ ಮೆದುವಾಗುತ್ತದೆ, ಕೀಲು ಬಿಟ್ಟರೆ ಕೆಳಮನೆಯ ಸೀಲಿಂಗಿನಲ್ಲಿ ತೇವ ಕಾಣಿಸಿಕೊಳ್ಳುತ್ತದೆ.

‘ಗಂಗಾಜಲ ಬಂದ ಮೇಲೆ ಈ ತಾಪತ್ರಯ ಎಲ್ಲಿ?’ ಎಂದು ಕೇಳುವವರಿದ್ದಾರೆ. ಊರಿಗೆ ಗಂಗಾನದಿಯ ನೀರು ತರುವ 85 ಕ್ಯೂಸೆಕ್ ಗಂಗಾಜಲ ಯೋಜನೆ 2022ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ನದಿಯ ನೀರು ಮೆದುವಾದಷ್ಟೂ ಮೇಣ ಕಡಿಮೆಯಾದೀತು, ಸೋಪಿನ ಬದಲು ಬಾಡಿವಾಶ್ ಬಳಸಿದರೂ ಕಡಿಮೆಯಾದೀತು. ಆದರೆ ಕೂದಲು ಉದುರುವುದು ನಿಲ್ಲದು. ‘ಬಿಲ್ಡರ್ ಮಾಡಿದ ತಪ್ಪಿಗೆ ನಾವೇಕೆ ಕೈ ಕೆಸರು ಮಾಡಿಕೊಳ್ಳಬೇಕು?’ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೊಂದು ಸರಳ ಪರೀಕ್ಷೆ ಉಂಟು. ಒಂದೇ ಬಚ್ಚಲು ನಿಧಾನವಾಗಿದ್ದರೆ ತೊಂದರೆ ಬಹುತೇಕ ನಿಮ್ಮ ಟ್ರ್ಯಾಪಿನದು. ಮೇಲಿನ ಮನೆಯವರು ವಾಶಿಂಗ್ ಮಷೀನ್ ಖಾಲಿ ಮಾಡಿದಾಗ ನಿಮ್ಮ ಜಾಲರಿಯಿಂದ ನೀರು ಉಕ್ಕಿದರೆ ಕಟ್ಟಿರುವುದು ಶಾಫ್ಟಿನ ಉದ್ದ ಕೊಳವೆ. ಅದು ಎಲ್ಲರ ಸೊತ್ತು. ಆಗ ಎಷ್ಟು ತಂತಿ ಆಡಿಸಿದರೂ ಪ್ರಯೋಜನವಿಲ್ಲ, ಮಾಲೀಕರ ಸಂಘವಾದ ಎಒಎಗೆ ಬರೆದು ದೂರು ಕೊಡಬೇಕು. ಜಾಲರಿಯ ಸುತ್ತ ಸದಾ ನೀರು ನಿಂತರೆ ಅದು ನೆಲದ ಇಳಿಜಾರಿನ ದೋಷ, ಅದಕ್ಕೂ ಬಾಟಲಿಯಲ್ಲಿ ಮದ್ದಿಲ್ಲ.

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಹೇಸಿಗೆ. ತಲೆಯ ಮೇಲಿದ್ದಾಗ ಎಣ್ಣೆ ಹಚ್ಚಿ ಬಾಚಿದ ಕೂದಲು ಬಚ್ಚಲಿಗೆ ಬಿದ್ದೊಡನೆ ಮುಟ್ಟಬಾರದ ವಸ್ತುವಾಗುತ್ತದೆ. ನಮ್ಮ ಸಮಾಜದಲ್ಲಿ ಇಂಥ ಹೇಸಿಗೆಯ ಬೆಲೆಯನ್ನು ಯಾವಾಗಲೂ ಮತ್ತೊಬ್ಬರ ಕೈ ತೆತ್ತಿದೆ. ಮಲಹೊರುವ ಪದ್ಧತಿಯನ್ನು ನಿಷೇಧಿಸಿ 2013ರಲ್ಲಿ ಹೊಸ ಕಾಯ್ದೆ ಬಂತು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಬೇಕಾಯಿತು. ಮನೆಯ ಬಚ್ಚಲು ಆ ಚರಂಡಿಯಷ್ಟು ಅಪಾಯದ್ದಲ್ಲ, ಎರಡನ್ನೂ ಸಮ ಎನ್ನುವುದು ತಪ್ಪು. ಆದರೆ ‘ನನ್ನ ಕಸ ನನ್ನ ಕೆಲಸವಲ್ಲ’ ಎಂಬ ಮನಸ್ಸು ಎರಡು ಕಡೆಯೂ ಒಂದೇ.

ಹಾಗಾಗಿ ಜಾಲರಿಯ ಮೇಲೆ ಸಣ್ಣ ಕಣ್ಣಿನ ಸ್ಟೀಲ್ ಸೋಸು ಇಟ್ಟು, ವಾರಕ್ಕೊಮ್ಮೆ ಅದರ ಕೂದಲು ತೆಗೆಯುವುದು ಲೇಸು. ರಜೆಗೆ ಊರಿಗೆ ಹೊರಡುವವರು ನೆನಪಿಡಬೇಕಾದದ್ದು ಇನ್ನೊಂದಿದೆ. ಮೇ–ಜೂನಿನ ಬಿಸಿಗಾಳಿಗೆ ಟ್ರ್ಯಾಪಿನ ಕಾವಲು ನೀರೇ ಆರಿಹೋಗುತ್ತದೆ. 2003ರಲ್ಲಿ ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ಎಂಬ ಬಹುಮಹಡಿ ವಸತಿಯಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗುಲಿತ್ತು. ಬಚ್ಚಲಿನ ನೆಲದ ಟ್ರ್ಯಾಪುಗಳು ಒಣಗಿದ್ದರಿಂದ ಸೋಂಕಿನ ಹನಿಗಳು ಕೊಳವೆಯ ಮೂಲಕ ಮನೆಮನೆಗೆ ಏರಿರಬೇಕು ಎಂದು ತನಿಖೆ ಕಂಡುಕೊಂಡಿತು. ಬೀಗ ಹಾಕುವ ಮುನ್ನ ಪ್ರತಿ ಜಾಲರಿಗೆ ಒಂದೊಂದು ಮಗ್ ನೀರು, ಅದರ ಮೇಲೆ ಬೇಗ ಆರದಂತೆ ಒಂದು ಚಮಚ ಅಡುಗೆ ಎಣ್ಣೆ ಸುರಿದರೆ ಸಾಕು.